ತೂಕ ಏರಿದರೆ ಖುಷಿ ಪಡಬ್ಯಾಡ್ರಿ: ಒಂದು ಲಿವರ್ ರೋಗದ ಇತಿಹಾಸ

1/4
ಗೆಳೆಯರೇ, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಹೊಲಕ್ಕೆ ಹಸಿರೆಲೆ ಗೊಬ್ಬರ ಅಂತ ಸೆಣಬು ಬಿತ್ತೋದನ್ನ ನೋಡೀರಲ್ಲ? ಹಳದಿ ಹೂವು, ಒಣಗಿದ ಕಾಯಿ ಅಲುಗಾಡಿಸಿದರೆ ಗಿಲಿಗಿಲಿ ಸಪ್ಪಳ. ಇವತ್ತಿನ ಇತಿಹಾಸ ಶುರು ಆಗೋದು ಅದರ ಬಳಗದ ಗಿಡಗಳಿಂದ.

ಜಮೈಕಾ ದ್ವೀಪದಲ್ಲಿ ಮಕ್ಕಳ ಹೊಟ್ಟೆ ನೀರು ತುಂಬಿ ಉಬ್ಬುತ್ತಿತ್ತು. ಮನೆಮದ್ದು ಅಂತ ಕುಡಿಸುತ್ತಿದ್ದ ಇಂಥ ಗಿಡಗಳ ಕಷಾಯವೇ ಲಿವರಿನ ಸಣ್ಣ ರಕ್ತನಾಳಗಳನ್ನು ಮುಚ್ಚುತ್ತಿತ್ತು. 1954ರಲ್ಲಿ ವೈದ್ಯರು ಇದಕ್ಕೆ ವೀನೋ-ಆಕ್ಲೂಸಿವ್ ಡಿಸೀಸ್, ಅಂದರೆ ವಿಒಡಿ ಅಂತ ಹೆಸರಿಟ್ಟರು.

2/4
ಭಾರತಕ್ಕೂ ಇದು ಹೊಸದಲ್ಲ. 1973 ಮತ್ತು 1975ರಲ್ಲಿ, ಆಗಿನ ಮಧ್ಯಪ್ರದೇಶದ ಸರಗುಜಾ ಜಿಲ್ಲೆಯ ಹಳ್ಳಿಗಳಲ್ಲಿ 67 ಜನರಿಗೆ ಈ ರೋಗ ಬಂತು, 28 ಜನ ಸತ್ತರು. ಅವರು ಉಣ್ಣುತ್ತಿದ್ದದ್ದು ನಾವು ಸಾವಿ ಅಂತೀವಲ್ಲ, ಅದೇ ಸಿರಿಧಾನ್ಯ. ಅದರೊಳಗ ಸೆಣಬಿನ ಜಾತಿಯ ಕಳೆಗಿಡದ ಬೀಜ ಬೆರೆತಿತ್ತು.

3/4
ಇದೇ ರೋಗ ದೊಡ್ಡ ಆಸ್ಪತ್ರೆಗಳಲ್ಲೂ ಕಾಣಿಸಿತು, ರಕ್ತದ ಕ್ಯಾನ್ಸರಿಗೆ ಅಸ್ಥಿಮಜ್ಜೆ ಕಸಿ ಮಾಡಿಸಿಕೊಂಡವರಲ್ಲಿ. ಕಸಿಗೆ ಮೊದಲು ಕೊಡೋ ಬಲವಾದ ಕೀಮೋ, ರೇಡಿಯೇಶನ್ ಲಿವರಿನ ಸೂಕ್ಷ್ಮ ನಾಳಗಳ ಒಳಪದರವನ್ನೇ ಸುಡಬಹುದು. ರಕ್ತ ಮುಂದೆ ಹರಿಯೋದಿಲ್ಲ, ನೀರು ಮೈಯಲ್ಲೇ ನಿಲ್ಲುತ್ತದೆ.

ಭಾರತದ ಮೊದಲ ಅಸ್ಥಿಮಜ್ಜೆ ಕಸಿ 1983ರಲ್ಲಿ ಮುಂಬೈನ ಟಾಟಾ ಮೆಮೋರಿಯಲ್‌ನಲ್ಲಿ ಆಯ್ತು. ಮರುವರ್ಷವೇ ಅಮೆರಿಕದ ಸಿಯಾಟಲ್‌ನ ವೈದ್ಯರು ವಿಒಡಿಗೆ ಮೂರು ಗುರುತು ಬರೆದಿಟ್ಟರು: ಕಾಮಾಲೆ, ಬಲಪಕ್ಕೆಯಲ್ಲಿ ನೋವಿನ ಜೊತೆ ಲಿವರ್ ಊದೋದು, ಮತ್ತು ಕಾರಣವಿಲ್ಲದೆ ತೂಕ ಏರೋದು.

4/4
ಮೂರನೆಯದನ್ನ ನೆನಪಿಡ್ರಿ. ನಮ್ಮ ಕಡೆ ಹುಷಾರಿಲ್ಲದವರು ಸ್ವಲ್ಪ ದಪ್ಪ ಆದರೆ "ಮೈ ತುಂಬಿಕೊಂಡಾನ" ಅಂತ ಖುಷಿ ಪಡ್ತಾರ. ಕಸಿಯಾದ ಮೊದಲ ವಾರಗಳಲ್ಲಿ ಆ ತೂಕ ಬರೀ ನೀರಿರಬಹುದು. ಅದಕ್ಕೇ ನರ್ಸ್ ದಿನಾ ತೂಕ ನೋಡ್ತಾರ, ಹೊಟ್ಟೆ ಸುತ್ತ ಟೇಪ್ ಹಿಡೀತಾರ, ಎಷ್ಟು ನೀರು ಕುಡಿದ್ರಿ, ಎಷ್ಟು ಮೂತ್ರ ಆಯ್ತು ಅಂತ ಬರೀತಾರ.

ಚಿಕಿತ್ಸೆಯೂ ಮುಂದೆ ಬಂದಿದೆ. ನೀರು-ಉಪ್ಪಿನ ಲೆಕ್ಕ ಬಿಗಿ ಮಾಡ್ತಾರೆ, ತಡೆಗೆ ಅರ್ಸೋಡಿಆಕ್ಸಿಕೋಲಿಕ್ ಆಸಿಡ್ ಮಾತ್ರೆ ಕೊಡ್ತಾರೆ. ರೋಗ ಕಿಡ್ನಿ ಅಥವಾ ಶ್ವಾಸಕೋಶಕ್ಕೂ ತಟ್ಟಿದವರಿಗಾಗಿ 2016ರಲ್ಲಿ ಅಮೆರಿಕ ಡಿಫೈಬ್ರೊಟೈಡ್ ಔಷಧಿಗೆ ಒಪ್ಪಿಗೆ ಕೊಟ್ಟಿತು. ಅದನ್ನ ಮಾಡೋದು ಹಂದಿ ಕರುಳಿನ ಡಿಎನ್‌ಎಯಿಂದ!

ನಿಮ್ಮ ಪೈಕಿ ಯಾರಾದರೂ ಕಸಿಗೆ ಬೆಂಗಳೂರಿಗೋ ಮುಂಬೈಗೋ ಹೊಂಟರೆ ಎರಡು ಮಾತು ಹೇಳ್ರಿ. ಡಾಕ್ಟರನ್ನ ಕೇಳದೇ ಯಾವ ಕಷಾಯನೂ ಕೊಡಬ್ಯಾಡ್ರಿ. ತೂಕ ದಿಢೀರ್ ಏರಿದರೆ, ಊರಿಗೆ ಬಂದ ಮೇಲೂ ಸರಿ, ಅವತ್ತೇ ಆಸ್ಪತ್ರೆಗೆ ಫೋನ್ ಮಾಡ್ರಿ.

ಸೇವ್ ಮಾಡಿಟ್ಟುಕೊಳ್ರಿ, ಮನೆಯವರಿಗೂ ಓದಿ ಹೇಳ್ರಿ.

#ರೋಗಗಳಇತಿಹಾಸ #ನಮ್ಮಬಾಗಲಕೋಟೆ