ಸುಂದರಬನದಲ್ಲಿ ಹುಲಿ ಬದಲಾದ ವರ್ಷ

ಇವತ್ತಿನ ವಿಷಯ ಸುಂದರಬನದ ಹುಲಿ, ಮತ್ತು ಅದರ ಪಕ್ಕದಲ್ಲೇ ಬದುಕೋ ಜನ ಅದರ ಬಗ್ಗೆ ಏನು ಹೇಳ್ತಾರೆ ಅನ್ನೋದು.

ಅಲ್ಲಿನ ಹುಲಿ ಮನುಷ್ಯರ ಮೇಲೆ ಯಾಕೆ ಅಷ್ಟೊಂದು ಬೀಳುತ್ತೆ? ತಜ್ಞರು ಹಲವು ಕಾರಣ ಕೊಟ್ಟಿದ್ದಾರೆ. ಉಪ್ಪುನೀರು ಕುಡಿದು ಅದರ ಸ್ವಭಾವ ಕೆಟ್ಟಿದೆ ಅಂತ ಒಂದು ವಾದ. ದಿನಕ್ಕೆರಡು ಸಲ ಉಬ್ಬರ ಬಂದು, ಅದು ಗಡಿಗೆ ಹಾಕಿದ ವಾಸನೆಯ ಗುರುತನ್ನೆಲ್ಲ ತೊಳೆದುಹಾಕುತ್ತೆ ಅಂತ ಇನ್ನೊಂದು. ಆದರೆ ಅನ್ನು ಜಲೇ ಅನ್ನೋ ಮಾನವಶಾಸ್ತ್ರಜ್ಞೆ ಅಲ್ಲಿನ ದ್ವೀಪವಾಸಿಗಳ ಜೊತೆ ಬಹುಕಾಲ ಇದ್ದು ಇದೇ ಪ್ರಶ್ನೆ ಕೇಳಿದಾಗ, ಹಲವರು ಕೊಟ್ಟ ಉತ್ತರದಲ್ಲಿ ಒಂದು ತಾರೀಖಿತ್ತು. ಹುಲಿ ಮೊದಲು ಹೀಗಿರಲಿಲ್ಲ, ಸಂಕೋಚದ ಪ್ರಾಣಿಯಾಗಿತ್ತು, ಮರಿಚ್‌ಝಾಂಪಿ ಘಟನೆ ಆದ ಮೇಲೆ ಬದಲಾಯ್ತು ಅಂತ. ಅಂದರೆ 1979.

ಮರಿಚ್‌ಝಾಂಪಿ ಒಂದು ದ್ವೀಪ. ಅಲ್ಲಿ ಏನಾಯ್ತು ಅಂತ ಹೇಳೋ ಮೊದಲು, ಹುಲಿಗೂ ಮನುಷ್ಯನಿಗೂ ಅಲ್ಲಿ ಇದ್ದ ಹಳೇ ಒಪ್ಪಂದ ಗೊತ್ತಿರಬೇಕು.

ಜೇನು ಕೀಳೋಕೆ, ಮೀನು-ಏಡಿ ಹಿಡಿಯೋಕೆ ಕಾಡಿಗೆ ಹೋಗೋರು ಹಿಂದೂ ಆಗಲಿ ಮುಸ್ಲಿಂ ಆಗಲಿ, ಬೊನ್‌ಬೀಬಿಗೆ ಕೈಮುಗಿದೇ ಹೋಗ್ತಾರೆ. ಅವಳು ಅಲ್ಲಾಹನ ಅಪ್ಪಣೆಯಂತೆ ಅರಬ್ ನಾಡಿನಿಂದ ಬಂದ ಕಾಡಿನ ತಾಯಿ. ಅವಳ ಎದುರಾಳಿ ದೊಕ್ಖಿನ್ ರಾಯ್. ದುರಾಸೆಯಿಂದ ಹುಲಿಯಾದ ಬ್ರಾಹ್ಮಣ ಅಂತ ಕಥೆ. ಧೊನಾ ಅನ್ನೋ ಜೇನು ವ್ಯಾಪಾರಿ, ಬಡ ವಿಧವೆಯ ಮಗ ದುಖೇನನ್ನು ಕೆಲಸಕ್ಕೆ ಅಂತ ಕರ್ಕೊಂಡು ಹೋಗಿ, ದೋಣಿ ತುಂಬ ಜೇನು-ಮೇಣಕ್ಕಾಗಿ ಹುಲಿಗೆ ಬಿಟ್ಟುಬರ್ತಾನೆ. ಹುಡುಗ ಬೊನ್‌ಬೀಬಿಯನ್ನು ಕರೀತಾನೆ, ಅವಳು ಬಂದು ಕಾಪಾಡ್ತಾಳೆ. ಆಮೇಲೆ ರಾಜಿ: ಕಾಡಿನ ಸಂಪತ್ತನ್ನು ಹುಲಿಯೂ ಮನುಷ್ಯರೂ ಹಂಚಿಕೊಳ್ಳಬೇಕು. ಹೊಟ್ಟೆಪಾಡಿಗೆ, ಶುದ್ಧ ಮನಸ್ಸಲ್ಲಿ, ಬರಿಗೈಯಲ್ಲಿ ಬಂದವರನ್ನು ಹುಲಿ ಮುಟ್ಟಬಾರದು. ಈ ಕಥೆ 19ನೇ ಶತಮಾನದ ಕೊನೆಯಲ್ಲಿ ಪುಸ್ತಕವಾಗಿ ಅಚ್ಚಾಯ್ತು. ಭಾಷೆ ಬಂಗಾಳಿ, ಆದರೆ ಪುಟ ತಿರುವೋದು ಅರೇಬಿಕ್ ಪುಸ್ತಕದ ಹಾಗೆ.

ಈ ರಾಜಿಯ ಪ್ರಕಾರ ಹುಲಿ ಮತ್ತು ಬಡವ ಇಬ್ಬರೂ ಒಂದೇ ತಾಯಿ ಮಕ್ಕಳು. ಅದೇ ಕೆಸರು, ಅದೇ ಉಪ್ಪುನೀರು, ಅದೇ ಬಿರುಗಾಳಿ ಇಬ್ಬರಿಗೂ. ಹಾಗಾಗಿ ಇಬ್ಬರಿಗೂ ಬೇಗ ಸಿಟ್ಟು ಬರುತ್ತೆ ಅಂತಲೂ ಅಲ್ಲಿನವರು ಹೇಳ್ತಾರೆ.

ಈಗ 1979ಕ್ಕೆ ಬರೋಣ. ದೇಶ ವಿಭಜನೆಯಾದ ಮೇಲೆ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಲ್ಲಿ ಬಹಳಷ್ಟು ನಾಮಶೂದ್ರ ದಲಿತರನ್ನು ದಂಡಕಾರಣ್ಯದ ಒಣಭೂಮಿಗೆ ಕಳಿಸಿದ್ದರು. ನದಿ, ದೋಣಿ, ಮೀನು ಅಂತ ಬದುಕಿದವರಿಗೆ ಅದು ಪರದೇಶ. ಅವರನ್ನು ಬಂಗಾಳದಲ್ಲೇ ನೆಲೆಗೊಳಿಸಿ ಅಂತ ವಿರೋಧ ಪಕ್ಷದಲ್ಲಿದ್ದಾಗ ಎಡಪಕ್ಷಗಳು ಕೇಳ್ತಿದ್ದವು. 1977ರಲ್ಲಿ ಅವೇ ಅಧಿಕಾರಕ್ಕೆ ಬಂದವು. ನಂಬಿಕೆಯಿಂದ ಜನ 1978ರಲ್ಲಿ ಹೊರಟುಬಂದರು. ಬಹಳಷ್ಟು ಮಂದಿಯನ್ನು ಹಿಂದಕ್ಕೆ ಕಳಿಸಲಾಯ್ತು. ಉಳಿದ ಸಾವಿರಾರು ಜನ ಮರಿಚ್‌ಝಾಂಪಿಯಲ್ಲಿ ನಿಂತರು. ಸರ್ಕಾರದ ಕಾಸಿಲ್ಲದೆ ಕೆಲವೇ ತಿಂಗಳಲ್ಲಿ ಶಾಲೆ, ದವಾಖಾನೆ, ಮೀನು ಸಾಕಣೆ ಎಲ್ಲ ಮಾಡಿಕೊಂಡರು.

ಸರ್ಕಾರ ಹೇಳಿದ್ದು: ಇದು ಮೀಸಲು ಅರಣ್ಯ, ಹುಲಿಗಳ ಜಾಗ. ಸುಂದರಬನ 1973ರಲ್ಲಿ, ನಮ್ಮ ಬಂಡೀಪುರದ ಜೊತೆಗೇ, ಪ್ರಾಜೆಕ್ಟ್ ಟೈಗರ್‌ನ ಮೊದಲ 9 ತಾಣಗಳಲ್ಲಿ ಒಂದಾಗಿತ್ತು. ಆದರೆ ಜಲೇ ಒಂದು ಸಂಗತಿ ಗಮನಿಸ್ತಾರೆ. ಮರಿಚ್‌ಝಾಂಪಿಯ ಕಾಂಡ್ಲಾ ಕಾಡನ್ನು 1975ರಲ್ಲೇ ಸರ್ಕಾರ ಕಡಿದು ತೆಂಗು ನೆಡಿಸಿತ್ತು!

1979ರ ಜನವರಿಯಲ್ಲಿ 144ನೇ ಸೆಕ್ಷನ್ ಹಾಕಿ, ಪೊಲೀಸ್ ಲಾಂಚ್‌ಗಳು ದ್ವೀಪವನ್ನು ಸುತ್ತುವರಿದವು. ಅನ್ನ, ಔಷಧಿ, ಕುಡಿಯೋ ನೀರು ಬರೋ ದಾರಿಯೇ ಬಂದ್. ಗೋಲಿಬಾರ್ ಆಯ್ತು. ಮೇ ತಿಂಗಳಲ್ಲಿ ಗುಡಿಸಲುಗಳಿಗೆ ಬೆಂಕಿ ಬಿತ್ತು, ಉಳಿದವರನ್ನು ಹೊರಗೆ ಸಾಗಿಸಿದರು. ಸತ್ತವರೆಷ್ಟು? ಸರ್ಕಾರದ ಲೆಕ್ಕ ಕೈಬೆರಳಲ್ಲಿ ಮುಗಿಯುತ್ತೆ, ಬದುಕುಳಿದವರ ಲೆಕ್ಕ ನೂರು, ಸಾವಿರಗಳಲ್ಲಿದೆ.

ಇದಾದ ಮೇಲೆ ಹುಲಿ ಬದಲಾಯ್ತು ಅಂತಾರೆ ಅಕ್ಕಪಕ್ಕದ ದ್ವೀಪದವರು. ಕಾಡಲ್ಲಿ ನಡೆದ ಹಿಂಸೆಯಿಂದ ಕೆರಳಿತು ಅಂತ ಕೆಲವರು, ತೇಲಿಬಂದ ಹೆಣಗಳಿಂದ ಮನುಷ್ಯರ ರುಚಿ ಹತ್ತಿತು ಅಂತ ಇನ್ನು ಕೆಲವರು. ಈ ಕುರಿತು ಜಲೇ 2005ರಲ್ಲಿ ಬರೆದ ಪ್ರಬಂಧದ ಶೀರ್ಷಿಕೆಯೇ ಎಲ್ಲ ಹೇಳುತ್ತೆ: ಹುಲಿಗಳು ‘ನಾಗರಿಕ’ರಾದಾಗ ನಿರಾಶ್ರಿತರು ‘ಹುಲಿಯ ಆಹಾರ’ವಾದರು ಅಂತ. 2010ರಲ್ಲಿ ಬಂದ ಅವರ ‘ಫಾರೆಸ್ಟ್ ಆಫ್ ಟೈಗರ್ಸ್’ ಪುಸ್ತಕದಲ್ಲಿ ಇದರ ವಿಸ್ತಾರ ಇದೆ.

ನೀವು ಕೇಳಬಹುದು, ಇದು ನಿಜಾನಾ? ಹುಲಿಯ ಮಟ್ಟಿಗೆ ಹೇಳೋದಾದ್ರೆ, ಅಲ್ಲ. 17ನೇ ಶತಮಾನದ ಫ್ರೆಂಚ್ ಪ್ರವಾಸಿ ಬರ್ನಿಯೇ, ಇಲ್ಲಿನ ಹುಲಿಗಳು ದೋಣಿಗೇ ನುಗ್ಗಿ ಜನರನ್ನು ಎಳೆದೊಯ್ಯುತ್ತವೆ ಅಂತ ಆಗಲೇ ಬರೆದಿದ್ದ. ದುಖೇ ಕಥೆ ಹುಟ್ಟಿದ್ದೂ ಅದೇ ಭಯದಿಂದ. ಹಾಗಂತ ಈ ಮಾತನ್ನು ಮೂಢನಂಬಿಕೆ ಅಂತ ಪಕ್ಕಕ್ಕಿಟ್ಟರೆ ಚರಿತ್ರೆಯೇ ಕೈತಪ್ಪುತ್ತೆ. ಈ ಜನರ ಪಾಲಿಗೆ ಬದಲಾಗಿದ್ದು ಹುಲಿಯ ಸ್ಥಾನ. ಅಲ್ಲಿವರೆಗೆ ಅದು ಕಷ್ಟಸುಖ ಹಂಚಿಕೊಂಡ ಅಣ್ಣ. ಆಮೇಲೆ ಅದು ಸರ್ಕಾರದ ಹುಲಿ, ಕೋಲ್ಕತ್ತಾದ ದೊಡ್ಡ ಮನುಷ್ಯರ ಹುಲಿ. ತಮ್ಮ ಜೀವಕ್ಕಿಂತ ಅದರ ಜೀವಕ್ಕೆ ಬೆಲೆ ಹೆಚ್ಚು ಅಂತ ಅವರಿಗೆ ಗೊತ್ತಾಗಿದ್ದು ಆ ವರ್ಷ. ಕಡತದಲ್ಲಿ ಸರಿಯಾಗಿ ದಾಖಲಾಗದ ಸಾವುಗಳು ಹುಲಿಯ ಕಥೆಯೊಳಗೆ ದಾಖಲಾಗಿ ಉಳಿದವು.

ಆ ಲೆಕ್ಕ ಈಗಲೂ ಚುಕ್ತಾ ಆಗಿಲ್ಲ. ಪರ್ಮಿಟ್ ಇಲ್ಲದೆ ಕೋರ್ ಏರಿಯಾಗೆ ಹೋಗಿ ಹುಲಿಗೆ ಸಿಕ್ಕವರ ಹೆಂಡಂದಿರಿಗೆ ವರ್ಷಾನುಗಟ್ಟಲೆ ಪರಿಹಾರ ಸಿಗ್ತಿರಲಿಲ್ಲ. ಎಷ್ಟೋ ಮನೆಗಳಲ್ಲಿ ಸಾವನ್ನೇ ಮುಚ್ಚಿಡಬೇಕಾಯ್ತು. ಈಚೆಗೆ ಇಂಥ ಕೆಲವರ ಪರವಾಗಿ ಕಲ್ಕತ್ತಾ ಹೈಕೋರ್ಟ್ ತೀರ್ಪು ಕೊಟ್ಟಿದೆ. ನಾಗರಹೊಳೆಯಿಂದ ಒಕ್ಕಲೆಬ್ಬಿಸಲಾದ ಜೇನುಕುರುಬರೂ ಕೇಳೋ ಪ್ರಶ್ನೆ ಇದಕ್ಕೆ ದೂರದ್ದೇನಲ್ಲ: ನಾವು ಹುಲಿ ಜೊತೆಗೇ ಇದ್ದವರು, ಈಗ ನಾವು ಹೇಗೆ ಅದರ ಶತ್ರುಗಳಾದೆವು?

ಹುಲಿ ಉಳೀಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮುಂದಿನ ಸಲ ಹುಲಿ ಗಣತಿಯ ಸಂಖ್ಯೆ ಏರಿದೆ ಅನ್ನೋ ಸುದ್ದಿ ಓದಿದಾಗ, ಅದೇ ಕಾಡಿನಲ್ಲಿ ಎಣಿಕೆಗೆ ಸಿಗದೆ ಹೋದ ಮನುಷ್ಯರು ಎಷ್ಟು ಅಂತಲೂ ಒಮ್ಮೆ ಕೇಳಿಕೊಳ್ಳಿ.