ದಾಳಗಳ ಸಂಭವನೀಯತೆ ಮತ್ತು ಸರಾಸರಿ

ಆರು ಮುಖದ ದಾಳದಲ್ಲಿ 1ರಿಂದ 6ರವರೆಗಿನ ಅಂಕಿಗಳೆಲ್ಲ ಸಮಸಂಭವ, ಸರಾಸರಿ 3.5, ದಾಳದ ಮೇಲೆ ಎಂದೂ ಬೀಳದ ಸಂಖ್ಯೆ. ಎರಡು ದಾಳಗಳ 36 ಫಲಿತಗಳಲ್ಲಿ 7ರ ಮೊತ್ತ ಆರು ಬಗೆಯಲ್ಲಿ ಬರುತ್ತದೆ. 2 ಮತ್ತು 12 ಒಂದೊಂದೇ ಬಗೆಯಲ್ಲಿ. ಮೂರು ದಾಳಗಳ ಸಂಗತಿ ಇನ್ನೂ ಸ್ವಾರಸ್ಯಕರ. ಕ್ರಮ ಬಿಟ್ಟು ಎಣಿಸಿದರೆ 9ಕ್ಕೂ 10ಕ್ಕೂ ಆರಾರು ಜೋಡಣೆಗಳು. ಆದರೂ 10 ಹೆಚ್ಚು ಬೀಳುವುದನ್ನು ಇಟಲಿಯ ಜೂಜುಗಾರರು ಗಮನಿಸಿದ್ದರು. ಗೆಲಿಲಿಯೊ ಕ್ರಮವನ್ನೂ ಲೆಕ್ಕಕ್ಕೆ ಹಿಡಿದು, 216 ಫಲಿತಗಳಲ್ಲಿ 9ಕ್ಕೆ 25, 10ಕ್ಕೆ 27 ದಾರಿಗಳಿವೆಯೆಂದು ತೋರಿಸಿದ. ಶೇಕಡಾ ಒಂದಕ್ಕೂ ಕಡಿಮೆಯ ಈ ಅಂತರ ಕಣ್ಣಿಗೆ ಬೀಳಬೇಕಾದರೆ ಅವರು ಅದೆಷ್ಟು ಆಡಿರಬೇಕು! 1974ರ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದಲ್ಲಿ ಪಾತ್ರದ ಬಲ, ಬುದ್ಧಿಗಳ ಅಂಕ ನಿರ್ಧರಿಸುವುದೂ ಮೂರು ದಾಳಗಳ ಮೊತ್ತವೇ: ಸರಾಸರಿ 10.5; ಗರಿಷ್ಠ 18 ಬೀಳುವ ಸಂಭವ 216ರಲ್ಲಿ ಒಂದು.