ಆಲ್ಬಂನಲ್ಲಿ ಉಳಿದ ಸುಳ್ಳು ಬಾಲ

ಒಂದು ಹಳೇ ಫೋಟೋ ಕಲ್ಪಿಸಿಕೊಳ್ಳಿ. ಕಪ್ಪು-ಬಿಳುಪು, ಅಂಚು ಸವೆದಿದೆ. ಮಾಸ್ಕೋದ ಹುಡುಗನೊಬ್ಬ ಟುಶಿನೊ ವಿಮಾನ ಪ್ರದರ್ಶನದಲ್ಲಿ ಅಪ್ಪನ ಹೆಗಲ ಮೇಲೆ ಕೂತಿದ್ದಾನೆ. ತಾರೀಖು 1961ರ ಜುಲೈ 9. ಹಿಂದೆ ಕಾಣೋದು ‘ವಸ್ತೋಕ್’. ಮೂರು ತಿಂಗಳ ಹಿಂದಷ್ಟೇ, ಏಪ್ರಿಲ್ 12ರಂದು, ಯೂರಿ ಗಗಾರಿನ್ 108 ನಿಮಿಷದಲ್ಲಿ ಭೂಮಿಗೊಂದು ಸುತ್ತು ಹಾಕಿ ಬಂದಿದ್ದು ಇಂಥದ್ದೇ ನೌಕೆಯಲ್ಲಿ. ಅಂತ ಆ ಹುಡುಗ ನಂಬಿದ್ದ. ಅಪ್ಪನೂ ನಂಬಿದ್ದ.

ಆದರೆ ಅಲ್ಲಿದ್ದದ್ದು ಮಾದರಿ. ಮುಂದೆ ಚೂಪು ಮೂತಿಯ ಹೊದಿಕೆ, ಹಿಂದೆ ಎಂಟು ರೆಕ್ಕೆಗಳ ಬಾಲ. ಅಸಲಿ ನೌಕೆಗೆ ಬಾಲವೇ ಇರಲಿಲ್ಲ ಕಣ್ರೀ! ಗಗಾರಿನ್ ಕೂತಿದ್ದು ಸುಮಾರು 2.3 ಮೀಟರ್ ಅಗಲದ ಒಂದು ಗುಂಡಗಿನ ಗೋಳದಲ್ಲಿ. ಅದು ಹೊದಿಕೆಯೊಳಗೆ ಅಡಗಿತ್ತು. ಆ ಸುಳ್ಳು ಬಾಲ ಸರ್ಕಾರದ ಅಂಚೆಚೀಟಿಗಳ ಮೇಲೂ ಬಂತು.

ಯಾಕಿಷ್ಟು ಮುಚ್ಚುಮರೆ? ಕಾರಣ ಇತ್ತು. ವಸ್ತೋಕನ್ನು ಹೊತ್ತೊಯ್ದ ರಾಕೆಟ್ ಹುಟ್ಟಿದ್ದು ಅಣುಬಾಂಬು ಸಾಗಿಸೋ ಆರ್-7 ಕ್ಷಿಪಣಿಯಿಂದ. ಅದೇ ಗೋಳದ ವಿನ್ಯಾಸದಲ್ಲೇ ‘ಜೆನಿತ್’ ಬೇಹುಗಾರಿಕೆ ಉಪಗ್ರಹವೂ ತಯಾರಾಗ್ತಿತ್ತು. ಅಮೆರಿಕದವರು ಫೋಟೋ ನೋಡಿ ಲೆಕ್ಕ ಹಾಕಿಬಿಟ್ಟರೆ? ಗಗಾರಿನ್ ನೌಕೆಯಿಂದ ಹೊರಚಿಮ್ಮಿ, ಪ್ಯಾರಾಚೂಟಿನಲ್ಲಿ ಬೇರೆಯಾಗಿ ಇಳಿದದ್ದನ್ನೂ ವರ್ಷಗಟ್ಟಲೆ ಮುಚ್ಚಿಟ್ಟರು.

ದಿನವೂ ದೃಶ್ಯ ತೋರಿಸಿ ಬದುಕೋ ನಮ್ಮಂಥವರು ಇಲ್ಲಿ ಸ್ವಲ್ಪ ತಡೆದು ನೋಡಬೇಕು. ಆ ಕ್ಯಾಮೆರಾ ಸುಳ್ಳು ಹೇಳಲಿಲ್ಲ, ಎದುರಿಗಿದ್ದದ್ದನ್ನೇ ಹಿಡಿಯಿತು. ಇವತ್ತು ಆ ಫೋಟೋ ಸಿಕ್ಕರೆ ನೌಕೆ ಹೇಗಿತ್ತು ಅನ್ನೋದಕ್ಕೆ ಸಾಕ್ಷಿ ಆಗಲ್ಲ. ಜನರಿಗೆ ಏನನ್ನು ತೋರಿಸಿದ್ದರು ಅನ್ನೋದಕ್ಕೆ ಮಾತ್ರ ಗಟ್ಟಿ ಸಾಕ್ಷಿ. ಇತಿಹಾಸಕಾರನಿಗೆ ಅದೂ ಚಿನ್ನವೇ.

ಅಸಲಿ ಆಕಾರ ಹೊರಬಿದ್ದದ್ದು 1965ರ ಏಪ್ರಿಲ್‌ನಲ್ಲಿ, ಮಾಸ್ಕೋದ ಆರ್ಥಿಕ ಸಾಧನೆಗಳ ವಸ್ತುಪ್ರದರ್ಶನದಲ್ಲಿ. ನಾಲ್ಕು ವರ್ಷ ಎತ್ತರವಾಗಿದ್ದ ನಮ್ಮ ಹುಡುಗ ಅಲ್ಲೂ ಹೋಗಿ ಒಂದು ಫೋಟೋ ತೆಗೆಸಿಕೊಂಡ ಅನ್ನಿ. ಈ ಸಲ ಹಿಂದೆ ಇರೋದು ಗೋಳ, ಬಾಲ ಇಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಅಪ್ಪನಿಗೆ ಅವನು ಏನು ಕೇಳಿದ್ದಾನು?

ಎರಡೂ ಸಲ ಒಂದು ಮಾತ್ರ ಹೊರಗೆ ಬರಲಿಲ್ಲ. ಆ ನೌಕೆಯ ಹಿಂದಿದ್ದ ಮುಖ್ಯ ವಿನ್ಯಾಸಕಾರ ಸೆರ್ಗೈ ಕೊರೊಲ್ಯೋವ್ ಹೆಸರು. 1966ರ ಜನವರಿಯಲ್ಲಿ ಅವರು ತೀರಿಕೊಂಡ ಮೇಲಷ್ಟೇ ಸೋವಿಯತ್ ಪತ್ರಿಕೆಗಳಲ್ಲಿ ಅವರ ಹೆಸರೂ ಬಂತು, ಫೋಟೋನೂ ಬಂತು.